ಮೊಣಕೈಯ ಕಿರುಸ್ನಾಯು

ಸಂತೆಯಲ್ಲಿ ಹೂ ಮಾರುವ ಹೆಂಗಸು ಅಳತೆಗೋಲನ್ನು ಇಟ್ಟುಕೊಂಡಿರುವುದಿಲ್ಲ. ದಂಡೆಯ ಒಂದು ತುದಿಯನ್ನು ಬೆರಳುಗಳಲ್ಲಿ ಹಿಡಿದು, ಮೊಣಕೈಯ ಮೊನೆಯವರೆಗೆ ಎಳೆದು, "ಇಕೋ, ಒಂದು ಮೊಳ" ಎಂದು ತುಂಡು ಮಾಡಿ ಕೊಡುತ್ತಾಳೆ. ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಈ ಅಳತೆ ಬಹು ಪ್ರಾಚೀನವಾದುದು. ಈಜಿಪ್ಟಿನವರೂ ರೋಮನ್ನರೂ ಇಂತಹುದೇ ಅಳತೆಯನ್ನು ಬಳಸುತ್ತಿದ್ದರು. ಇಂಗ್ಲಿಷಿನಲ್ಲಿ ಇದಕ್ಕಿರುವ 'ಕ್ಯೂಬಿಟ್' ಎಂಬ ಹೆಸರೂ ಮೊಣಕೈ ಎಂಬ ಅರ್ಥವುಳ್ಳ ಲ್ಯಾಟಿನ್ ಪದದಿಂದಲೇ ಬಂದುದು.

ಹೂವನ್ನು ಅಳೆಯುವ ಆ ಒಂದು ಗಳಿಗೆಯಲ್ಲಿ ಅವಳ ಕೈ ಮಡಿಯುತ್ತದೆ, ಚಾಚುತ್ತದೆ. ಅಂಗೈ ಮೇಲಾಗುತ್ತದೆ, ಕೆಳಗಾಗುತ್ತದೆ. ಈ ಚಲನೆಗಳಿಗೆಲ್ಲ ಕಾರಣವಾದವು ತೋಳಿನ ಸ್ನಾಯುಗಳು. ಅವುಗಳಲ್ಲಿ ಕೆಲವು ಎದ್ದು ಕಾಣುತ್ತವೆ. ಕೈಯನ್ನು ಮಡಿಸಿದಾಗ ತೋಳಿನ ಮುಂಭಾಗದಲ್ಲಿ ಉಬ್ಬುವ ದ್ವಿಶಿರ ಸ್ನಾಯುವನ್ನು ಗರಡಿಯ ಪೈಲ್ವಾನನು ಹೆಮ್ಮೆಯಿಂದ ತೋರಿಸುತ್ತಾನೆ. ಆದರೆ ಮೊಣಕೈಯ ಹಿಂಬದಿಯಲ್ಲಿ, ಮೂಳೆಗಳ ನಡುವಣ ತಗ್ಗಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ ಒಂದು ಪುಟ್ಟ ಸ್ನಾಯು ಅಡಗಿದೆ. ಅದರ ಹೆಸರು ಆಂಕೋನಿಯಸ್. ಪ್ರೌಢ ವಯಸ್ಸಿನವರಲ್ಲಿಯೂ ಅದರ ಗಾತ್ರ ಬೆರಳುದ್ದವನ್ನು ಬಹಳ ಮೀರುವುದಿಲ್ಲ. ಗ್ರೀಕ್ ಭಾಷೆಯಲ್ಲಿ 'ಆಂಕೋನ್' ಎಂದರೆ ಮೊಣಕೈ. ಇಟಲಿಯ ಪೂರ್ವ ತೀರದಲ್ಲಿ ಆಂಕೋನಾ ಎಂಬ ಬಂದರು ಪಟ್ಟಣವಿದೆ. ಅಲ್ಲಿ ಭೂಮಿಯು ಮಡಿಸಿದ ಮೊಣಕೈಯಂತೆ ಕಡಲಿನೊಳಕ್ಕೆ ಬಾಗಿರುವುದರಿಂದ ಆ ಊರಿಗೂ ಅದೇ ಹೆಸರು ಬಂದಿತು.

ಈ ಸ್ನಾಯುವಿನ ಕೆಲಸವನ್ನು ತಿಳಿಯಬೇಕಾದರೆ ಮೊದಲು ಅದು ನೆಲೆಸಿರುವ ಕೀಲಿನ ರಚನೆಯನ್ನು ಅರಿಯಬೇಕು. ಮೊಣಕೈಯಲ್ಲಿ ಮೂರು ಮೂಳೆಗಳು ಸಂಧಿಸುತ್ತವೆ. ಭುಜದಿಂದ ಇಳಿದು ಬರುವ ತೋಳಿನ ಮೂಳೆಯು ಹ್ಯೂಮರಸ್. ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗಕ್ಕೆ ಮುಂದೋಳು ಎಂದು ಹೆಸರು. ಅದರಲ್ಲಿ ಎರಡು ಮೂಳೆಗಳಿವೆ. ಕಿರುಬೆರಳಿನ ಕಡೆಯದು ಅಲ್ನಾ. ಹೆಬ್ಬೆರಳಿನ ಕಡೆಯದು ರೇಡಿಯಸ್. ಅಲ್ನಾದ ಮೇಲ್ತುದಿಯು ಕೊಕ್ಕೆಯಂತೆ ಬಾಗಿ, ಹ್ಯೂಮರಸ್ಸಿನ ಕೆಳತುದಿಯಲ್ಲಿರುವ ರಾಟೆಯಂತಹ ಭಾಗವನ್ನು ಹಿಡಿದುಕೊಂಡಿದೆ. ಈ ಕೊಕ್ಕೆಯ ಹಿಂಬದಿಯನ್ನೇ ಜನರು ಮೊಣಕೈಯ ಮೊನೆ ಎನ್ನುತ್ತಾರೆ. ರೇಡಿಯಸ್ಸಿನ ಮೇಲ್ತುದಿಯಾದರೋ ಚಿಕ್ಕ ಬಿಲ್ಲೆಯಂತೆ ದುಂಡಗಿದೆ. ಅದನ್ನು ಉಂಗುರದಂತಹ ಒಂದು ಅಸ್ಥಿರಜ್ಜು ಸುತ್ತುವರಿದಿದ್ದು, ಆ ಉಂಗುರದೊಳಗೆ ಅದು ಸುಲಲಿತವಾಗಿ ತಿರುಗುತ್ತದೆ.

ಹೀಗೆ ಮೊಣಕೈಯಲ್ಲಿ ಎರಡು ಬಗೆಯ ಚಲನೆಗಳು ಸಾಧ್ಯವಾಗಿವೆ. ಬಾಗಿಲು ಬಿಜಾಗರಿಯ ಮೇಲೆ ತೆರೆದು ಮುಚ್ಚುವಂತೆ ಕೈ ಮಡಿಯುವುದು ಮತ್ತು ಚಾಚುವುದು ಒಂದು ಬಗೆ. ಅಂಗೈಯು ಅಂಗಾತವಾಗುವುದು ಮತ್ತು ಬೋರಲಾಗುವುದು ಇನ್ನೊಂದು ಬಗೆ. ಅಂಗೈಯನ್ನು ಬೋರಲಾಗಿಸುವಾಗ ರೇಡಿಯಸ್ ಮೂಳೆಯು ಅಲ್ನಾದ ಮೇಲೆ ಅಡ್ಡಲಾಗಿ ಹಾಯುತ್ತದೆ; ಅಂಗಾತವಾಗಿಸುವಾಗ ಎರಡೂ ಮೂಳೆಗಳು ಮತ್ತೆ ಜೊತೆಜೊತೆಯಾಗಿ ನಿಲ್ಲುತ್ತವೆ.

ಹ್ಯೂಮರಸ್ಸಿನ ಕೆಳತುದಿಯಲ್ಲಿ ಎರಡು ಪಕ್ಕಗಳಿಗೂ ಒಂದೊಂದು ಗಂಟು ಇದೆ. ಮೈಯ ಕಡೆಗಿರುವುದನ್ನು ಒಳಗಂಟು ಎಂದೂ, ಅದರ ಎದುರು ಪಕ್ಕದಲ್ಲಿರುವುದನ್ನು ಹೊರಗಂಟು ಎಂದೂ ಕರೆಯಬಹುದು. ಕೈಯನ್ನು ನೇರವಾಗಿ ಚಾಚಿದಾಗ ಈ ಎರಡು ಗಂಟುಗಳೂ ಮೊಣಕೈಯ ಮೊನೆಯೂ ಒಂದೇ ಸಾಲಿನಲ್ಲಿರುತ್ತವೆ. ಕೈಯನ್ನು ಮಡಿಸಿದಾಗ ಮೊನೆಯು ಕೆಳಗೆ ಸರಿದು ಮೂರೂ ಸೇರಿ ಒಂದು ತ್ರಿಕೋನವಾಗುತ್ತದೆ. ವೈದ್ಯರಿಗೆ ಇದು ಬಹು ಉಪಯುಕ್ತವಾದ ಗುರುತು. ಮರದಿಂದ ಬಿದ್ದ ಹುಡುಗನೊಬ್ಬನ ಮೊಣಕೈ ಊದಿಕೊಂಡಿದ್ದರೆ, ಅವರು ಮೊದಲು ಈ ಮೂರು ಬಿಂದುಗಳನ್ನು ಬೆರಳಿನಿಂದ ಹುಡುಕುತ್ತಾರೆ. ಕೀಲು ತಪ್ಪಿದ್ದರೆ ತ್ರಿಕೋನವು ಕೆಟ್ಟಿರುತ್ತದೆ. ಕೀಲಿನ ಮೇಲ್ಗಡೆ ಹ್ಯೂಮರಸ್ ಮುರಿದಿದ್ದರೆ ತ್ರಿಕೋನವು ಕೆಡದೆ ಉಳಿದಿರುತ್ತದೆ.

ಆಂಕೋನಿಯಸ್ ಸ್ನಾಯು ಹುಟ್ಟುವುದು ಹೊರಗಂಟಿನ ಹಿಂಭಾಗದಲ್ಲಿ. ಅಲ್ಲಿ ಅದು ಕಿರಿದಾದ ಸ್ನಾಯುರಜ್ಜುವಿನಿಂದ ಮೂಳೆಗೆ ಅಂಟಿಕೊಂಡಿದೆ. ಅಲ್ಲಿಂದ ಅದರ ಎಳೆಗಳು ಬೀಸಣಿಗೆಯಂತೆ ಹರಡಿಕೊಳ್ಳುತ್ತವೆ. ಮೇಲಿನ ಎಳೆಗಳು ಹೆಚ್ಚುಕಡಮೆ ಅಡ್ಡಲಾಗಿ ಸಾಗಿ ಮೊಣಕೈಯ ಮೊನೆಯ ಹೊರಬದಿಯನ್ನು ಸೇರುತ್ತವೆ. ಕೆಳಗಿನ ಎಳೆಗಳು ಓರೆಯಾಗಿ ಇಳಿದು ಅಲ್ನಾದ ಹಿಂಬದಿಯ ಮೇಲಿನ ಕಾಲು ಭಾಗಕ್ಕೆ ಅಂಟಿಕೊಳ್ಳುತ್ತವೆ. ಹೀಗಾಗಿ ಇಡೀ ಸ್ನಾಯು ತ್ರಿಕೋನಾಕಾರವಾಗಿದೆ. ಅದರ ಕೆಳಗೆ ಕೀಲನ್ನು ಆವರಿಸಿರುವ ತೆಳುವಾದ ಚೀಲವಿದೆ. ರೇಡಿಯಸ್ಸಿನ ಬಿಲ್ಲೆಯನ್ನು ಸುತ್ತಿದ ಉಂಗುರವೂ ಅಲ್ಲಿಯೇ ಇದೆ. ಈ ಸೂಕ್ಷ್ಮ ಭಾಗಗಳ ಮೇಲೆ ಆಂಕೋನಿಯಸ್ ಒಂದು ಹೊದಿಕೆಯಂತೆ ಹರಡಿದೆ.

ಈ ಸ್ನಾಯುವನ್ನು ಯಾರು ಬೇಕಾದರೂ ತಮ್ಮ ಕೈಯಲ್ಲಿಯೇ ಗುರುತಿಸಬಹುದು. ಮಡಿಸಿದ ಮುಂದೋಳನ್ನು ಮೇಜಿನ ಮೇಲಿಟ್ಟು, ಇನ್ನೊಂದು ಕೈಯ ಬೆರಳನ್ನು ಹೊರಗಂಟಿಗೂ ಮೊಣಕೈಯ ಮೊನೆಗೂ ನಡುವಣ ತಗ್ಗಿನಲ್ಲಿ, ತುಸು ಕೆಳಗೆ ಇರಿಸಬೇಕು. ಆಮೇಲೆ ಅಂಗೈಯಿಂದ ಮೇಜನ್ನು ಕೆಳಕ್ಕೆ ಒತ್ತಬೇಕು. ಆಗ ಬೆರಳ ಕೆಳಗೆ ಮೆತ್ತಗಿದ್ದ ಭಾಗವು ಗಟ್ಟಿಯಾಗುತ್ತದೆ. ಒತ್ತುವುದನ್ನು ನಿಲ್ಲಿಸಿದೊಡನೆ ಮತ್ತೆ ಮೆತ್ತಗಾಗುತ್ತದೆ.

ಈ ಸ್ನಾಯುವಿಗೆ ಮೆದುಳಿನ ಆಜ್ಞೆಯನ್ನು ತಲುಪಿಸುವುದು ರೇಡಿಯಲ್ ನರದ ಒಂದು ಶಾಖೆ. ತೋಳಿನ ಹಿಂಬದಿಯಲ್ಲಿ ತ್ರಿಶಿರ ಎಂಬ ದೊಡ್ಡ ಸ್ನಾಯು ಇದೆ. ಕೈಯನ್ನು ಚಾಚುವ ಮುಖ್ಯ ಸ್ನಾಯು ಅದೇ. ಅದಕ್ಕೆ ಹೆಸರಿಗೆ ತಕ್ಕಂತೆ ಮೂರು ಶಿರಗಳಿವೆ. ದಾರದಂತೆ ಸಣ್ಣದಾದ ನರದ ಶಾಖೆಯು ಅವುಗಳಲ್ಲಿ ಒಂದರ ಮಾಂಸದೊಳಗೇ ಬಹುದೂರ ಇಳಿದು ಬಂದು, ಕೊನೆಗೆ ಆಂಕೋನಿಯಸ್ಸನ್ನು ಸೇರುತ್ತದೆ. ತ್ರಿಶಿರಕ್ಕೂ ಆಂಕೋನಿಯಸ್ಸಿಗೂ ಒಂದೇ ನರವಿರುವುದರಿಂದ, ಈ ಪುಟ್ಟ ಸ್ನಾಯುವನ್ನು ತ್ರಿಶಿರದ ಮುಂದುವರಿದ ತುಣುಕೆಂದೇ ಕೆಲವು ವಿದ್ವಾಂಸರು ಎಣಿಸಿದರು.

ಇಷ್ಟನ್ನು ಮೃತ ದೇಹವನ್ನು ಬಿಡಿಸಿ ನೋಡಿದ ಅಂಗರಚನಾ ಶಾಸ್ತ್ರಜ್ಞರು ಕಂಡುಕೊಂಡಿದ್ದರು. ಆದರೆ ಅದರ ಕೆಲಸವೇನು? ಸ್ನಾಯುವು ಕೀಲಿನ ಹಿಂಬದಿಯಲ್ಲಿರುವುದರಿಂದ ಅದು ಕೈಯನ್ನು ಚಾಚಲು ನೆರವಾಗುತ್ತದೆಂದು ಊಹಿಸುವುದು ಸುಲಭ. ಆದರೆ ಆ ಕೆಲಸಕ್ಕೆ ಬಲಿಷ್ಠವಾದ ತ್ರಿಶಿರವು ಇದ್ದೇ ಇದೆ. ಕೈಯನ್ನು ಚಾಚುವ ಒಟ್ಟು ಬಲದಲ್ಲಿ ಆಂಕೋನಿಯಸ್ಸಿನ ಪಾಲು ಪ್ರತಿಶತ 10ರಿಂದ 15ರಷ್ಟು ಎಂಬುದು ಸಾಮಾನ್ಯವಾದ ಅಂದಾಜು. ಆನೆಯು ಎಳೆಯುವ ದಿಮ್ಮಿಗೆ ಆಡಿನ ನೆರವೇಕೆ ಎಂದು ಕೇಳುವಂತಾಯಿತು. ಆದುದರಿಂದ ಬಹುಕಾಲ ಗ್ರಂಥಗಳು ಈ ಸ್ನಾಯುವಿಗೆ ಒಂದೆರಡು ಸಾಲುಗಳನ್ನು ಮಾತ್ರ ಮೀಸಲಿಟ್ಟು ಮುಂದೆ ಸಾಗಿದವು.

ನಿರ್ಜೀವವಾದ ಸ್ನಾಯುವು ತಾನು ಎಲ್ಲಿದ್ದೇನೆ ಎಂಬುದನ್ನು ತಿಳಿಸಬಲ್ಲದು. ತಾನು ಏನು ಮಾಡುತ್ತಿದ್ದೆ ಎಂಬುದನ್ನು ತಿಳಿಸಲಾರದು. ಆ ಪ್ರಶ್ನೆಯನ್ನು ಜೀವಂತ ಸ್ನಾಯುವಿಗೇ ಕೇಳಿದವನು ಫ್ರಾನ್ಸಿನ ವೈದ್ಯ ದ್ಯುಶೆನ್. ಉತ್ತರ ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿ 1806ರಲ್ಲಿ ಜನಿಸಿದ ಈತನು ವಿದ್ಯುತ್ತನ್ನು ವೈದ್ಯಕೀಯ ಸಂಶೋಧನೆಯ ಸಾಧನವನ್ನಾಗಿ ಮಾಡಿಕೊಂಡನು. ಒದ್ದೆ ಮಾಡಿದ ವಿದ್ಯುದ್ವಾರಗಳನ್ನು ಚರ್ಮದ ಮೇಲೆ ತಕ್ಕ ಸ್ಥಳದಲ್ಲಿರಿಸಿ, ಹದವಾದ ವಿದ್ಯುತ್ತನ್ನು ಹಾಯಿಸಿ, ಅಕ್ಕಪಕ್ಕದ ಸ್ನಾಯುಗಳನ್ನು ಕೆರಳಿಸದೆ ಒಂದೇ ಸ್ನಾಯುವನ್ನು ಸಂಕುಚಿಸುವಂತೆ ಮಾಡುವುದರಲ್ಲಿ ಅವನು ನಿಪುಣನಾದನು. ಮನುಷ್ಯನ ಚಲನೆಗಳನ್ನು ಕುರಿತ ಅವನ ಮಹಾಗ್ರಂಥವು 1867ರಲ್ಲಿ ಪ್ರಕಟವಾಯಿತು. ಆಂಕೋನಿಯಸ್ಸನ್ನು ಕೆರಳಿಸಿದಾಗ ಅಲ್ನಾ ಮೂಳೆಯು ಕೊಂಚ ಹೊರಪಕ್ಕಕ್ಕೂ ಸರಿಯುತ್ತದೆ ಎಂಬುದು ಅವನು ಕಂಡ ಸಂಗತಿ.

ಇದೇನು ಮಹತ್ವದ ವಿಷಯ ಎನಿಸಬಹುದು. ಬೀಗದ ಕೈಯನ್ನು ತಿರುಗಿಸುವವನ ಹಸ್ತವನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ. ಅಲ್ನಾ ಮೂಳೆಯು ಅಲುಗಾಡದೆ ನಿಂತು, ರೇಡಿಯಸ್ ಮಾತ್ರ ಅದರ ಸುತ್ತ ತಿರುಗಿದರೆ, ಹಸ್ತವೆಲ್ಲ ಕಿರುಬೆರಳಿನ ಬದಿಯನ್ನು ನಡುವಾಗಿಟ್ಟುಕೊಂಡು ಒಂದು ಕಡೆಗೆ ವಾಲಬೇಕು. ಆಗ ಬೀಗದ ಕೈ ಬೀಗದ ಕಿಂಡಿಯಲ್ಲಿ ನೆಟ್ಟಗೆ ನಿಲ್ಲಲಾರದು. ವಾಸ್ತವವಾಗಿ ಹಸ್ತವು ತನ್ನ ನಡುವನ್ನೇ ಅಚ್ಚು ಮಾಡಿಕೊಂಡು ನಿಂತಲ್ಲೇ ತಿರುಗಬಲ್ಲದು. ರೇಡಿಯಸ್ಸು ಒಳಕ್ಕೆ ಹಾಯುವಾಗ ಅಲ್ನಾವು ತುಸು ಹೊರಕ್ಕೆ ಸರಿದು ಜಾಗ ಬಿಡುವುದರಿಂದ ಇದು ಸಾಧ್ಯವಾಗುತ್ತದೆ. ಆ ಸರಿಯುವಿಕೆಗೆ ಆಂಕೋನಿಯಸ್ ಕಾರಣವೆಂದು ದ್ಯುಶೆನ್ ಸೂಚಿಸಿದನು.

ಆದರೆ ಈ ವಿಧಾನಕ್ಕೂ ಒಂದು ಮಿತಿಯಿತ್ತು. ಹೊರಗಿನಿಂದ ವಿದ್ಯುತ್ತನ್ನು ಹಾಯಿಸಿದಾಗ ಸ್ನಾಯುವು ಏನು ಮಾಡಬಲ್ಲದು ಎಂಬುದು ತಿಳಿಯುತ್ತದೆ. ಮನುಷ್ಯನು ತನ್ನ ಇಚ್ಛೆಯಿಂದ ಕೈಯಾಡಿಸುವಾಗ ಅದು ಏನು ಮಾಡುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ಇದಕ್ಕೆ ಉತ್ತರ ಹುಡುಕುವ ದಾರಿಯನ್ನು ಕಂಡುಕೊಂಡರು. ಸಂಕುಚಿಸುವ ಸ್ನಾಯುವಿನಲ್ಲಿ ತಾನಾಗಿಯೇ ಅತ್ಯಲ್ಪ ಪ್ರಮಾಣದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಡಿದು, ದೊಡ್ಡದು ಮಾಡಿ, ದಾಖಲೆ ಮಾಡಿದರೆ ಸ್ನಾಯುವು ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಸುಮ್ಮನಿರುತ್ತದೆ ಎಂಬುದು ಗೊತ್ತಾಗುತ್ತದೆ. ಕೆನಡಾದಲ್ಲಿ ಬೆಳೆದ ಬಾಸ್ಮಾಜಿಯನ್ ಎಂಬ ವಿಜ್ಞಾನಿ ಕೂದಲಿನಂತೆ ತೆಳುವಾದ ತಂತಿಗಳನ್ನು ಸ್ನಾಯುವಿನೊಳಗೆ ಇಳಿಸಿ ಇಂತಹ ಪರೀಕ್ಷೆಗಳನ್ನು ನಡೆಸುವುದರಲ್ಲಿ ಪ್ರಸಿದ್ಧನಾದನು. 1972ರಲ್ಲಿ ಅವನು ಸಹೋದ್ಯೋಗಿಯೊಡನೆ ಆಂಕೋನಿಯಸ್ಸನ್ನೇ ಕುರಿತ ಒಂದು ಅಧ್ಯಯನವನ್ನು ಪ್ರಕಟಿಸಿದನು.

ಅದೇ ಕಾಲದ ಇನ್ನೂ ಕೆಲವು ಪರೀಕ್ಷೆಗಳೊಡನೆ ಸೇರಿಸಿ ನೋಡಿದಾಗ ಎರಡು ಸಂಗತಿಗಳು ಹೊರಬಿದ್ದವು. ಮೊದಲನೆಯದು, ಕೈಯನ್ನು ಮೆಲ್ಲಗೆ, ಹೆಚ್ಚು ಭಾರವಿಲ್ಲದೆ ಚಾಚುವಾಗಲೇ ಆಂಕೋನಿಯಸ್ ಎಚ್ಚರಗೊಳ್ಳುತ್ತದೆ. ಭಾರ ಹೆಚ್ಚಿದಂತೆಲ್ಲ ತ್ರಿಶಿರದ ದೊಡ್ಡ ಶಕ್ತಿ ಕೆಲಸಕ್ಕೆ ಇಳಿಯುತ್ತದೆ. ಎರಡನೆಯದು ಇನ್ನೂ ಸ್ವಾರಸ್ಯವಾದುದು. ಅಂಗೈಯನ್ನು ಬೋರಲಾಗಿಸುವಾಗ ಆಂಕೋನಿಯಸ್ ಕೆಲಸ ಮಾಡುತ್ತದೆ. ಅಂಗಾತವಾಗಿಸುವಾಗಲೂ ಕೆಲಸ ಮಾಡುತ್ತದೆ. ಒಂದೇ ಸ್ನಾಯುವು ಎರಡು ವಿರುದ್ಧ ದಿಕ್ಕುಗಳಿಗೂ ಕೈಯನ್ನು ತಿರುಗಿಸಲಾರದು. ಆದುದರಿಂದ ಅಲ್ಲಿ ಅದರ ಕೆಲಸ ತಿರುಗಿಸುವುದಾಗಿರದೆ, ಬೇರೆ ಸ್ನಾಯುಗಳು ತಿರುಗಿಸುತ್ತಿರುವಾಗ ಅಲ್ನಾ ಮೂಳೆ ಕದಲಿ ಕೀಲು ಸಡಿಲವಾಗದಂತೆ ಹಿಡಿದಿಡುವುದಾಗಿರಬೇಕು ಎಂದು ಅನೇಕ ವಿಜ್ಞಾನಿಗಳು ತೀರ್ಮಾನಿಸಿದರು. ಒಬ್ಬನು ಏಣಿಯೇರಿ ಕೆಲಸ ಮಾಡುತ್ತಿರುವಾಗ ಇನ್ನೊಬ್ಬನು ಏಣಿಯ ಬುಡವನ್ನು ಹಿಡಿದು ನಿಂತಿರುತ್ತಾನೆ. ಅವನು ಒಂದು ಮೆಟ್ಟಿಲನ್ನೂ ಹತ್ತುವುದಿಲ್ಲ. ಆದರೂ ಮೇಲಿನವನ ಧೈರ್ಯವೆಲ್ಲ ಅವನ ಕೈಯಲ್ಲಿರುತ್ತದೆ. ಆಂಕೋನಿಯಸ್ ಅಂತಹ ಕೆಲಸಗಾರ. ಅದರ ಎಳೆಗಳಲ್ಲಿ ಹೆಚ್ಚಿನವು ನಿಧಾನವಾಗಿ ಸಂಕುಚಿಸುವ, ಆದರೆ ಬೇಗ ದಣಿಯದ ಜಾತಿಯವು. ಬಹುಹೊತ್ತು ಹಿಡಿದು ನಿಲ್ಲುವ ಕೆಲಸಕ್ಕೆ ಇವು ತಕ್ಕವಾಗಿವೆ.

ಅಲ್ನಾ ಮೂಳೆಯನ್ನು ಹೊರಕ್ಕೆ ಸರಿಸುವುದರಲ್ಲಿ ಈ ಸ್ನಾಯುವಿನ ಪಾತ್ರವೆಷ್ಟು ಎಂಬ ವಿಷಯದಲ್ಲಿ ಮಾತ್ರ ವಿದ್ವಾಂಸರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. ಬೆರಳುದ್ದದ ಒಂದು ಸ್ನಾಯುವನ್ನು ಕುರಿತು ನೂರೈವತ್ತು ವರ್ಷಗಳಿಗೂ ಮೀರಿ ವಿಚಾರ ನಡೆಯುತ್ತಿರುವುದು ವಿಜ್ಞಾನದ ತಾಳ್ಮೆಗೆ ಒಂದು ನಿದರ್ಶನ.

ಈ ವಿಚಾರವು ಕೇವಲ ಪಂಡಿತರ ಚರ್ಚೆಯಲ್ಲ. ರೋಗಿಗಳ ಹಿತವೂ ಇದರೊಡನೆ ಬೆರೆತಿದೆ. ಮೊಣಕೈಯ ಕೀಲಿನಲ್ಲಿ ರಕ್ತವೋ ಕೀವೋ ತುಂಬಿಕೊಂಡಾಗ ಅದನ್ನು ಸೂಜಿಯಿಂದ ಹೊರತೆಗೆಯಬೇಕಾಗುತ್ತದೆ. ಹೊರಗಂಟು, ಮೊಣಕೈಯ ಮೊನೆ, ರೇಡಿಯಸ್ಸಿನ ಬಿಲ್ಲೆ, ಈ ಮೂರರ ನಡುವಣ ಮೆತ್ತನೆಯ ತಾಣದಲ್ಲಿ ದೊಡ್ಡ ರಕ್ತನಾಳವಾಗಲಿ ದೊಡ್ಡ ನರವಾಗಲಿ ಇಲ್ಲ. ಆದುದರಿಂದ ವೈದ್ಯರು ಆಂಕೋನಿಯಸ್ ಇರುವ ಈ ಸ್ಥಳದಲ್ಲಿ ಸೂಜಿಯನ್ನು ತೂರಿಸುತ್ತಾರೆ.

ಶಸ್ತ್ರಚಿಕಿತ್ಸೆಯಲ್ಲಿಯೂ ಈ ಸ್ನಾಯು ದಾರಿ ತೋರಿಸುತ್ತದೆ. ಥೈರಾಯ್ಡ್ ಗ್ರಂಥಿಯನ್ನು ಕುರಿತ ಕಾರ್ಯಕ್ಕಾಗಿ 1909ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೊಡೋರ್ ಕೋಖರನ ಹೆಸರು ಮೊಣಕೈಯ ಒಂದು ಶಸ್ತ್ರಮಾರ್ಗಕ್ಕೂ ಅಂಟಿಕೊಂಡಿದೆ. ಆಂಕೋನಿಯಸ್ಸಿಗೂ ಅದರ ನೆರೆಯ ಸ್ನಾಯುವಿಗೂ ನಡುವಣ ಸಂದಿಯಲ್ಲಿ ಹಾದು ಕೀಲನ್ನು ತಲುಪುವ ಮಾರ್ಗವದು. ಆ ಎರಡು ಸ್ನಾಯುಗಳಿಗೂ ನರದ ಬೇರೆಬೇರೆ ಶಾಖೆಗಳಿರುವುದರಿಂದ, ಅವುಗಳನ್ನು ಬೇರ್ಪಡಿಸಿದರೂ ಯಾವುದಕ್ಕೂ ನರದ ಸಂಪರ್ಕ ತಪ್ಪುವುದಿಲ್ಲ. ತ್ರಿಶಿರವನ್ನು ಸೀಳಿ ಕೀಲನ್ನು ತಲುಪಬೇಕಾದಾಗ ಮಾತ್ರ ಹೆಚ್ಚಿನ ಎಚ್ಚರ ಬೇಕು. ಅದರೊಳಗೆ ಇಳಿದುಬರುವ ದಾರದಂತಹ ನರವು ಕಡಿದುಹೋದರೆ, ಗಾಯ ಮಾಯ್ದರೂ ಆಂಕೋನಿಯಸ್ ಮತ್ತೆ ಎಚ್ಚರಗೊಳ್ಳಲಾರದು.

ಮೊಣಕೈಯ ಹಿಂಬದಿಯಲ್ಲಿ ಚರ್ಮವು ತೆಳು. ಅಪಘಾತದಲ್ಲಿ ಅದು ಕಿತ್ತುಹೋಗಿ ಮೂಳೆ ಕಾಣುವಂತಾದರೆ, ಬರಿಯ ಹೊಲಿಗೆಯಿಂದ ಅದನ್ನು ಮುಚ್ಚುವುದು ಕಷ್ಟ. ಗಾಯವು ಚಿಕ್ಕದಾಗಿದ್ದರೆ ಶಸ್ತ್ರವೈದ್ಯರು ಆಂಕೋನಿಯಸ್ಸನ್ನು ಅದರ ರಕ್ತನಾಳದೊಡನೆ ಬಿಡಿಸಿ, ಪಕ್ಕಕ್ಕೆ ತಿರುಗಿಸಿ, ಗಾಯದ ಮೇಲೆ ಹೊದಿಸುತ್ತಾರೆ.

ಎಲ್ಲಕ್ಕಿಂತ ಹೃದಯಸ್ಪರ್ಶಿಯಾದುದು ಇನ್ನೊಂದು ಉಪಯೋಗ. ನರದ ಆಜ್ಞೆಯು ಸ್ನಾಯುವಿಗೆ ದಾಟುವ ಸಂಧಿಸ್ಥಾನದಲ್ಲಿಯೇ ದೋಷವಿರುವ ಕೆಲವು ಅಪರೂಪದ ರೋಗಗಳಿವೆ. ಕೆಲವು ಮಕ್ಕಳಿಗೆ ಅವು ಹುಟ್ಟಿನಿಂದಲೇ ಬರುತ್ತವೆ. ಅಂತಹವರ ರೆಪ್ಪೆಗಳು ಜೋಲುತ್ತವೆ, ಕೈಕಾಲುಗಳು ಬೇಗ ಸೋಲುತ್ತವೆ. ದೋಷವು ಎಲ್ಲಿದೆ ಎಂದು ಪತ್ತೆಹಚ್ಚಲು ಕೆಲವೊಮ್ಮೆ ಜೀವಂತ ಸ್ನಾಯುವಿನ ತುಣುಕೊಂದನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ. ಆದರೆ ಮೊದಲೇ ದುರ್ಬಲನಾದ ರೋಗಿಯಿಂದ ಯಾವ ಸ್ನಾಯುವನ್ನು ತೆಗೆಯುವುದು? ಇದಕ್ಕೆ ಆಂಕೋನಿಯಸ್ ಒಂದು ಉತ್ತರವಾಯಿತು. ಅದರ ಎಳೆಗಳು ಗಿಡ್ಡವಾಗಿರುವುದರಿಂದ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತುಂಡಾಗದಂತೆ ತೆಗೆಯಬಹುದು. ತೆಗೆದರೂ ತ್ರಿಶಿರವು ಕೈಯನ್ನು ಚಾಚುವ ಹೊಣೆಯನ್ನು ಹೊತ್ತುಕೊಳ್ಳುವುದರಿಂದ ರೋಗಿಯ ಕೈ ಸೊರಗುವುದಿಲ್ಲ. ಬಲದಲ್ಲಿ ಕಡಮೆಯೆಂದು ಕಡೆಗಣಿಸಲ್ಪಟ್ಟ ಸ್ನಾಯುವು, ಬಲ ಕಡಮೆಯಾದ ಕಾರಣದಿಂದಲೇ ಉಳಿದ ಸ್ನಾಯುಗಳ ರೋಗಕ್ಕೆ ಸಾಕ್ಷಿ ನುಡಿಯುವಂತಾಯಿತು.

ದೇಹದಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯುಗಳಿವೆ. ಅವುಗಳಲ್ಲಿ ಕೆಲವು ಎತ್ತುತ್ತವೆ, ಕೆಲವು ಎಳೆಯುತ್ತವೆ, ಕೆಲವು ಹಿಡಿದು ನಿಲ್ಲುತ್ತವೆ. ಎತ್ತುವವುಗಳ ಬಲವನ್ನು ತೂಕದಿಂದ ಅಳೆಯಬಹುದು. ಹಿಡಿದು ನಿಲ್ಲುವವುಗಳ ಬೆಲೆಯನ್ನು ಹಾಗೆ ಅಳೆಯಲು ಬಾರದು. ಸಂತೆಯ ಹೂವಿನವಳು ದಂಡೆಯನ್ನು ಮೊಣಕೈಗೆ ತಂದು ಅಳೆಯುವಾಗ ಅವಳ ಕೈ ತಡವರಿಸುವುದಿಲ್ಲ, ನಡುಗುವುದಿಲ್ಲ. ಆ ಸ್ಥಿರತೆಯಲ್ಲಿ ಹೆಸರಿಲ್ಲದೆ ದುಡಿಯುವ ಈ ಕಿರುಸ್ನಾಯುವಿನ ಪಾಲೂ ಸೇರಿದೆ.

ಪದಗಳ ಅರ್ಥ

ದಂಡೆ – ಕಟ್ಟಿದ ಹೂವಿನ ಸರ
ಬಿಜಾಗರಿ – ಬಾಗಿಲನ್ನು ಚೌಕಟ್ಟಿಗೆ ಸೇರಿಸುವ ಲೋಹದ ಕೀಲು
ಅಸ್ಥಿರಜ್ಜು – ಮೂಳೆಗಳನ್ನು ಒಂದಕ್ಕೊಂದು ಬಿಗಿಯುವ ಪಟ್ಟಿ
ಸ್ನಾಯುರಜ್ಜು – ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ
ಅಂಗಾತ – ಮೇಲ್ಮುಖವಾಗಿ
ಬೋರಲು – ಕೆಳಮುಖವಾಗಿ
ಸಂಕುಚಿಸು – ಕುಗ್ಗು, ಮುದುಡು
ಅಚ್ಚು – ಚಕ್ರವು ತಿರುಗಲು ಆಧಾರವಾದ ನಡುಗಂಬಿ
ನಿದರ್ಶನ – ಉದಾಹರಣೆ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. 'ಆಂಕೋನ್' ಎಂಬ ಗ್ರೀಕ್ ಪದದ ಅರ್ಥವೇನು?
2. ಮೊಣಕೈಯಲ್ಲಿ ಸಂಧಿಸುವ ಮೂರು ಮೂಳೆಗಳು ಯಾವುವು?
3. ಆಂಕೋನಿಯಸ್ಸಿಗೆ ಮೆದುಳಿನ ಆಜ್ಞೆಯನ್ನು ತಲುಪಿಸುವ ನರ ಯಾವುದು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮೊಣಕೈಗೆ ಪೆಟ್ಟಾದಾಗ ವೈದ್ಯರು ಮೂರು ಬಿಂದುಗಳನ್ನು ಹುಡುಕುವುದೇಕೆ?
2. ದ್ಯುಶೆನ್ ಅನುಸರಿಸಿದ ವಿಧಾನ ಯಾವುದು? ಅದರ ಮಿತಿಯೇನು?
3. ಆಂಕೋನಿಯಸ್ಸನ್ನು ಏಣಿಯ ಬುಡ ಹಿಡಿದವನಿಗೆ ಹೋಲಿಸಿರುವುದು ಏಕೆ?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
ಆಂಕೋನಿಯಸ್ ಸ್ನಾಯುವಿನ ತಿಳಿವಳಿಕೆಯಿಂದ ವೈದ್ಯಶಾಸ್ತ್ರಕ್ಕೆ ಆಗಿರುವ ಪ್ರಯೋಜನಗಳನ್ನು ವಿವರಿಸಿರಿ.

ಈ) ಬಿಡಿಸಿ, ಸಂಧಿಯ ಹೆಸರನ್ನು ತಿಳಿಸಿರಿ.
ಏಕಾಭಿಪ್ರಾಯ, ಬೆರಳುದ್ದ, ಕೈಯನ್ನು

ಉ) ಮಾಡಿ ನೋಡಿರಿ.
ಮುಂದೋಳನ್ನು ಮೇಜಿನ ಮೇಲಿಟ್ಟು, ಪಾಠದಲ್ಲಿ ಹೇಳಿರುವಂತೆ ಆಂಕೋನಿಯಸ್ ಸ್ನಾಯುವನ್ನು ಗುರುತಿಸಿರಿ. ಅಂಗೈಯನ್ನು ಅಂಗಾತವಾಗಿಯೂ ಬೋರಲಾಗಿಯೂ ತಿರುಗಿಸುತ್ತ, ಹೊರಗಂಟಿನ ತುಸು ಕೆಳಗೆ ರೇಡಿಯಸ್ಸಿನ ಬಿಲ್ಲೆ ತಿರುಗುವುದನ್ನು ಬೆರಳಿನಿಂದ ಮುಟ್ಟಿ ತಿಳಿಯಿರಿ.